ಮೈಯೆಲ್ಲ ಕಣ್ಣು: ಓದುಗರು ಕೇಳಿದ್ದು, ನಾವು ಹೇಳಿದ್ದು

ಬಟ್ಟೆ, ಒಡವೆ, ಚೀಲಗಳ ಮೇಲಿನ ಕಣ್ಣಿನ ಚಿತ್ರದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಟೀ ಶರ್ಟು, ಉಂಗುರ, ಫೋನಿನ ಕವರು, ಎಲ್ಲಿ ನೋಡಿದರೂ ಕಣ್ಣು. ‘ಎಲ್ಲರೂ ನಮ್ಮನ್ನು ನೋಡುತ್ತಿದ್ದಾರೆ ಅನ್ನುವ ಈ ಕಾಲದ ಆತಂಕವೇ ಫ್ಯಾಷನ್ ಆಗಿದೆ’ ಎಂದು ಬರೆಯುತ್ತಾರೆ. ಇದು ನಿಜವೋ, ಮಾರುವವರ ಮಾತೋ?

ಉತ್ತರ: ಅರ್ಧ ನಿಜ. ಅರ್ಧವೇ ಯಾಕೆ ಅನ್ನುವುದಕ್ಕೆ ಎರಡು ತಾರೀಖು ಸಾಕು. ಕೆಂಜೊ ಕಂಪನಿಯ ಹೆಸರಾಂತ ಕಣ್ಣಿನ ಚಿತ್ರದ ಉಡುಪುಗಳು 2013ರ ಚಳಿಗಾಲಕ್ಕೆಂದು ಮಾಡಿದವು. ಪ್ಯಾರಿಸ್‌ನಲ್ಲಿ ಅವುಗಳ ಪ್ರದರ್ಶನ ನಡೆದದ್ದು ಆ ವರ್ಷದ ಮೊದಲ ತಿಂಗಳುಗಳಲ್ಲಿ. ಸರ್ಕಾರಗಳು ಜನರ ಫೋನು, ಮೇಲ್‌ಗಳನ್ನು ಗುಟ್ಟಾಗಿ ಜಾಲಾಡುತ್ತಿವೆ ಎಂದು ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ಕಡತಗಳು ಪತ್ರಿಕೆಗಳಲ್ಲಿ ಬಂದದ್ದು ಜೂನ್‌ನಲ್ಲಿ. ಬಟ್ಟೆ ಮೊದಲು, ಸುದ್ದಿ ಆಮೇಲೆ. ಆದರೆ ಆ ಬಟ್ಟೆ ಅಂಗಡಿಯಲ್ಲಿ ನೇತಾಡುವ ಹೊತ್ತಿಗೆ ಸುದ್ದಿ ಎಲ್ಲರ ಬಾಯಲ್ಲಿತ್ತು. ವಿನ್ಯಾಸ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಒಂದು, ಕೊಂಡವರು ಓದಿಕೊಂಡದ್ದು ಇನ್ನೊಂದು. ಆತಂಕವನ್ನು ಬಟ್ಟೆಗೆ ತುಂಬುವವರು ಹೆಚ್ಚಾಗಿ ತೊಡುವವರೇ.

ಆತಂಕ ಅಂದರೂ ಒಂದೇ ಬಗೆಯದಲ್ಲ. ಪರರ ಹೊಟ್ಟೆಕಿಚ್ಚಿನ ಭಯಕ್ಕೆ ರೆಪ್ಪೆಯೇ ಇಲ್ಲದ, ಮುಚ್ಚಲು ಬಾರದ ದುಂಡು ಕಣ್ಣು ಬರುತ್ತದೆ. ದೃಷ್ಟಿ ತಾಗದಿರಲೆಂದು ತೊಡುವ ನೀಲಿ ಗಾಜಿನ ಮಣಿ ಅಂಥದ್ದು. ಆಳುವವರು ನೋಡುತ್ತಿದ್ದಾರೆ ಅನ್ನುವ ಭಯ ಮೈತುಂಬ ಹರಡಿದ ಲೆಕ್ಕವಿಲ್ಲದಷ್ಟು ಕಣ್ಣುಗಳಾಗುತ್ತದೆ. ಅಗಲಿಕೆಯ ಭಯಕ್ಕೆ ಒಂಟಿ ಕಣ್ಣು ಸಾಕು, ಆದರೆ ಅದು ಇಂಥವರದೇ ಎಂಬ ಗುರುತು ಬೇಕು. ನಿಮ್ಮ ಕೈಯಲ್ಲಿರುವ ಬಟ್ಟೆ ಯಾವ ಜಾತಿಯದು ಎಂದು ತಿಳಿಯಬೇಕಾದರೆ ಮೂರನ್ನು ಗಮನಿಸಿ: ರೆಪ್ಪೆ ಇದೆಯೇ, ಕಣ್ಣು ಎಷ್ಟಿವೆ, ನೋಟ ಎತ್ತ ಕಡೆಗಿದೆ.

ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಹೌಸ್‌ನಲ್ಲಿರುವ ಒಂದನೆಯ ಎಲಿಜಬೆತ್ ರಾಣಿಯ ‘ಕಾಮನಬಿಲ್ಲಿನ ಚಿತ್ರ’. ಸುಮಾರು 1600-1602ರದು. ಕೈಯಲ್ಲಿ ಕಾಮನಬಿಲ್ಲು, ತೋಳಿನ ಮೇಲೆ ರತ್ನದ ಹಾವು, ಮೈಮೇಲಿನ ಕಿತ್ತಳೆ ಬಣ್ಣದ ನಿಲುವಂಗಿಯ ತುಂಬ ಕಣ್ಣು, ಕಿವಿ. ಆಗ ರಾಣಿಗೆ ಅರವತ್ತೈದು ದಾಟಿತ್ತು, ಸಿಂಹಾಸನಕ್ಕೆ ವಾರಸುದಾರರು ಯಾರೆಂದು ಗೊತ್ತಾಗಿರಲಿಲ್ಲ, ಚಿತ್ರದಲ್ಲಿ ಮುಖ ಮಾತ್ರ ಹರೆಯದ್ದು. ‘ನಾನು ಎಲ್ಲವನ್ನೂ ನೋಡುತ್ತೇನೆ, ಕೇಳುತ್ತೇನೆ’ ಎಂದು ಆ ನಿಲುವಂಗಿ ಸಾರುತ್ತದೆ ಎಂಬುದು ಸಾಮಾನ್ಯವಾದ ಓದು. ಅಷ್ಟು ಗಟ್ಟಿಯಾಗಿ ಸಾರಬೇಕಾಗಿ ಬಂದದ್ದರಲ್ಲೇ ಆತಂಕ ಇಣುಕುತ್ತದೆ ಅನ್ನುವುದು ನಮ್ಮ ಓದು.

ಈಗಿನದಕ್ಕೆ ಇನ್ನೊಂದು ಭಯವೂ ಸೇರಿದೆ, ಯಾರೂ ನೋಡದೆ ಹೋದರೆ ಅನ್ನುವುದು. ಎದೆಯ ಮೇಲೆ ಅಂಗೈಯಗಲದ ಕಣ್ಣು ಹೊತ್ತವರು ಅಡಗಿಕೊಳ್ಳಲು ಹೊರಟವರಲ್ಲ.

ವ್ಯಾಪಾರದ ಕಾರಣಗಳೂ ಸಣ್ಣವಲ್ಲ. ಒಂದು ಬಾದಾಮಿ ಆಕಾರ, ಒಳಗೊಂದು ವೃತ್ತ, ಅದರೊಳಗೊಂದು ಚುಕ್ಕೆ. 5 ಮಿ.ಮೀ. ಉಂಗುರದ ಮೇಲೂ ತಿಳಿಯುತ್ತದೆ, ಬೆನ್ನಗಲ ಬರೆದರೂ ಕೆಡುವುದಿಲ್ಲ. ಭಾಷೆ ಬೇಡ, ಹೆಣ್ಣು ಗಂಡು ಭೇದವಿಲ್ಲ, ಅಳತೆಯ ತಲೆನೋವಿಲ್ಲ. ಪ್ಯಾರಿಸ್‌ನ ಫ್ಯಾಷನ್ ಮನೆತನ ಸ್ಕಿಯಾಪರೆಲಿಯ ಹೆಸರಿನಲ್ಲಿ 2019ರಿಂದ ಡೇನಿಯಲ್ ರೋಸ್‌ಬೆರಿ ಮಾಡುತ್ತಿರುವ ಚಿನ್ನದ ಬಣ್ಣದ ಕಣ್ಣು, ಕಿವಿ, ಮೂಗುಗಳ ಒಡವೆ ಗೆದ್ದದ್ದರಲ್ಲಿ ಆ ಮನೆತನದ ಹಳೆಯ ಸರ್ರಿಯಲಿಸ್ಟ್ (ಕನಸಿನಂಥ ವಿಚಿತ್ರ ಚಿತ್ರಗಳ ಕಲೆಯ) ನೆನಪಿನ ಪಾಲೂ ಇದೆ, ಫೋನಿನ ಪುಟ್ಟ ತೆರೆಯಲ್ಲೂ ಎದ್ದು ಕಾಣುವ ಗುಣದ ಪಾಲೂ ಇದೆ.

ಪ್ರಶ್ನೆ: ಡೆನಿಮ್ ಜಾಕೆಟ್ಟಿನ ಬೆನ್ನಿಗೆ ಒಂದು ಕಣ್ಣನ್ನು ಕೈಯಲ್ಲೇ ಕಸೂತಿ ಹಾಕಿದೆ. ಹೊಲಿಗೆ ಅಚ್ಚುಕಟ್ಟಾಗಿ ಬಂದಿದೆ, ಆದರೆ ಕಣ್ಣು ಬೆಚ್ಚಿಬಿದ್ದಂತಿದೆ. ಜೀವವೇ ಇಲ್ಲ. ಸುತ್ತ ಬಟ್ಟೆಯೂ ಸುಕ್ಕುಗಟ್ಟಿದೆ. ಎಲ್ಲಿ ತಪ್ಪಿದೆ?

ಉತ್ತರ: ಬೆಚ್ಚಿದಂತೆ ಕಾಣುವುದಕ್ಕೆ ಹೊಲಿಗೆ ಕಾರಣವಲ್ಲ, ಅಳತೆ ಕಾರಣ. ಬಣ್ಣದ ವೃತ್ತವನ್ನು ಪೂರ್ತಿ ದುಂಡಗೆ, ಮೇಲೂ ಕೆಳಗೂ ಬಿಳಿ ಕಾಣುವಂತೆ ಹಾಕಿರುತ್ತೀರಿ. ಮನುಷ್ಯರ ಕಣ್ಣು ಹಾಗೆ ತೆರೆಯುವುದು ಹೆಚ್ಚಾಗಿ ಹೆದರಿದಾಗ, ಬೆಚ್ಚಿದಾಗ. ಸಹಜವಾಗಿ ತೆರೆದ ಕಣ್ಣಿನ ಸೀಳು ಸುಮಾರು 30 ಮಿ.ಮೀ. ಅಗಲ, 10 ಮಿ.ಮೀ. ಎತ್ತರ. ಬಣ್ಣದ ವೃತ್ತದ ಅಡ್ಡಳತೆ 12 ಮಿ.ಮೀ.ಗೆ ತುಸು ಕಡಿಮೆ. ಅಂದರೆ ವೃತ್ತವೇ ಸೀಳಿಗಿಂತ ಎತ್ತರ. ಮೇಲಿನ ರೆಪ್ಪೆ ಅದರ ತಲೆಯನ್ನು 1ರಿಂದ 2 ಮಿ.ಮೀ. ಮುಚ್ಚಿರುತ್ತದೆ, ಕೆಳಗಿನದು ಅಂಚನ್ನು ಮುಟ್ಟಿ ನಿಲ್ಲುತ್ತದೆ.

ಇದನ್ನು ಎರಡೂವರೆ ಪಟ್ಟು ಹಿಗ್ಗಿಸಿ: ಸೀಳು 75 ಮಿ.ಮೀ. ಅಗಲ, 25 ಮಿ.ಮೀ. ಎತ್ತರ, ಬಣ್ಣದ ವೃತ್ತ 29 ಮಿ.ಮೀ., ನಡುವಿನ ಪಾಪೆ 10 ಮಿ.ಮೀ. ಬಾದಾಮಿಯ ಎರಡು ಬದಿ ಒಂದೇ ಅಚ್ಚಿನಂತೆ ಬೇಡ. ಮೇಲಿನ ರೆಪ್ಪೆಯ ಕಮಾನಿನ ತುದಿ ನಡುವಿಗಿಂತ ತುಸು ಮೂಗಿನ ಕಡೆಗಿರಲಿ, ಕೆಳಗಿನದರ ತಗ್ಗು ಹೊರತುದಿಯ ಕಡೆಗಿರಲಿ. ಇಷ್ಟು ಮಾಡಿದರೆ ಬರಿಯ ಪೆನ್ಸಿಲ್ ಗೆರೆಯಲ್ಲೇ ಕಣ್ಣು ನೋಡತೊಡಗುತ್ತದೆ.

ಇನ್ನು ದಾರ. ಆರೆಳೆಯ ಕಾಟನ್ ದಾರವನ್ನು ಬಿಡಿಸಿಕೊಳ್ಳಿ. ಬಣ್ಣದ ವೃತ್ತಕ್ಕೆ ಒಂದೇ ಎಳೆ, ಬಿಳಿ ಭಾಗಕ್ಕೆ ಎರಡು, ರೆಪ್ಪೆಯ ಗೆರೆಗೆ ಮೂರು. ಮೊದಲು ಪಾಪೆ ಮತ್ತು ವೃತ್ತದ ಅಂಚುಗಳಿಗೆ ಸ್ಪ್ಲಿಟ್ ಸ್ಟಿಚ್ (ಹಿಂದಿನ ಹೊಲಿಗೆಯ ದಾರವನ್ನೇ ಸೀಳಿಕೊಂಡು ಸಾಗುವ ಹೊಲಿಗೆ) ಹಾಕಿ, ಅದರ ಮೇಲಿಂದ ಹಾಯಿಸಿದ ಹೊಲಿಗೆಗೆ ಅಂಚು ಚೂಪಾಗಿ ನಿಲ್ಲುತ್ತದೆ. ವೃತ್ತವನ್ನು ಹೊರ ಅಂಚಿನಿಂದ ಪಾಪೆಯ ಕಡೆಗೆ, ಚಕ್ರದ ಕಡ್ಡಿಗಳಂತೆ ತುಂಬಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಹೊರಸುತ್ತಿನ ಉದ್ದ 91 ಮಿ.ಮೀ., ಪಾಪೆಯ ಸುತ್ತು 31 ಮಿ.ಮೀ. ಹೊರಗೆ ಹಾಕಿದ ಎಲ್ಲ ಹೊಲಿಗೆಯನ್ನೂ ಒಳತನಕ ಎಳೆದರೆ ಮೂರು ದಾರ ಕೂರುವಲ್ಲಿ ಒಂಬತ್ತು ತುರುಕಿದಂತಾಗಿ ನಡುವೆ ಗಂಟು ಏಳುತ್ತದೆ. ಆದ್ದರಿಂದ ಮೂರರಲ್ಲಿ ಒಂದು ಹೊಲಿಗೆ ಮಾತ್ರ ಪಾಪೆ ಮುಟ್ಟಲಿ, ಒಂದು ಅರ್ಧಕ್ಕೆ ನಿಲ್ಲಲಿ, ಇನ್ನೊಂದು ಅದಕ್ಕೂ ಮೊದಲೇ ನಿಲ್ಲಲಿ. ಹೊರ ಅಂಚಿಗೆ ಗಾಢ ಬಣ್ಣ, ಒಳಗೆ ತಿಳಿ, ಪಾಪೆಯ ಪಕ್ಕದಲ್ಲಿ ಜೇನಿನ ಬಣ್ಣದ ಐದಾರು ಎಳೆ.

ಜೀವ ಬರುವುದು ಎರಡು ಜಾಗದಿಂದ. ಬಿಳಿ ಭಾಗಕ್ಕೆ ಅಚ್ಚಬಿಳಿ ದಾರ ಬೇಡ, ಹಾಲಿನ ಕೆನೆಯ ಬಣ್ಣ ತೆಗೆದುಕೊಳ್ಳಿ. ಮೇಲಿನ ರೆಪ್ಪೆಯ ಕೆಳಗೆ 3-4 ಮಿ.ಮೀ. ಅಗಲಕ್ಕೆ ಬೂದುಬಣ್ಣ ಹಾಕಿ, ಅದು ರೆಪ್ಪೆಯ ನೆರಳು. ಅದಿಲ್ಲದಿದ್ದರೆ ಕಣ್ಣು ಮುಖದೊಳಗೆ ಕೂರುವುದಿಲ್ಲ, ಕಾಗದ ಅಂಟಿಸಿದಂತಿರುತ್ತದೆ. ಕೊನೆಗೆ ಬೆಳಕಿನ ಚುಕ್ಕೆ. ಅಚ್ಚಬಿಳಿಗೆ ಇದೊಂದೇ ಕೆಲಸ. ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ, ಅರ್ಧ ಪಾಪೆಯ ಮೇಲೆ, ಅರ್ಧ ಬಣ್ಣದ ಮೇಲೆ ಬರುವಂತೆ ಎರಡು ಮೂರು ಪುಟ್ಟ ಹೊಲಿಗೆ ಸಾಕು. ಜೋಡಿ ಕಣ್ಣು ಹಾಕುವವರು ಎರಡರಲ್ಲೂ ಚುಕ್ಕೆಯನ್ನು ಒಂದೇ ಬದಿಗೆ ಇಡಬೇಕು. ಒಂದರ ಚಿತ್ರವನ್ನು ತಿರುಗಿಸಿ ಇನ್ನೊಂದಕ್ಕೆ ಅಚ್ಚು ತೆಗೆದರೆ ಚುಕ್ಕೆಯೂ ತಿರುಗಿ, ಕಣ್ಣು ಮೆಳ್ಳೆಯಾಗುತ್ತದೆ.

ಸುಕ್ಕಿಗೆ ಕಾರಣ ಬಿಗಿ. ಹೂಪಿನಲ್ಲಿ (ಕಸೂತಿಗೆ ಬಟ್ಟೆ ಹಿಡಿದಿಡುವ ಬಳೆ) ಬಟ್ಟೆಯನ್ನು ಎಳೆದು ಹಿಗ್ಗಿಸಿ ಕೂರಿಸಿದರೆ, ಬಿಚ್ಚಿದಾಗ ಅದು ಹಿಂದಕ್ಕೆ ಕುಗ್ಗುತ್ತದೆ, ದಾರ ಕುಗ್ಗುವುದಿಲ್ಲ. ಬಟ್ಟೆ ಚಪ್ಪಟೆಯಾಗಿ ಕೂತರೆ ಸಾಕು, ಹಿಗ್ಗಬಾರದು. ಹಿಂಬದಿಗೆ ಕತ್ತರಿಸಿ ತೆಗೆಯುವ ಬಗೆಯ ಸ್ಟೆಬಿಲೈಸರ್ (ಬಟ್ಟೆಗೆ ಆಸರೆಯ ಹಾಳೆ) ಕೊಡಿ, ಹರಿದು ತೆಗೆಯುವ ಬಗೆ ಇಷ್ಟು ದಟ್ಟ ಕೆಲಸಕ್ಕೆ ಸಾಲದು. ಮೆಶೀನಿನಲ್ಲಿ ಮಾಡಿಸುವವರಿಗೆ ಒಂದು ಮಾತು: ಸಾಮಾನ್ಯ ದಾರಕ್ಕೆ ಸಾಲುಗಳ ನಡುವೆ 0.4 ಮಿ.ಮೀ. ಅಂತರ ರೂಢಿ. ಬಿಳಿಯ ಮೇಲೆ ಬಣ್ಣ, ಬಣ್ಣದ ಮೇಲೆ ಕಪ್ಪು ಎಂದು ಮೂರು ಪದರ ಪೂರ್ತಿ ತುಂಬಿಸಿದರೆ ಪಾಪೆಯ ಜಾಗ ಹಲಗೆಯಾಗಿ ಸೂಜಿ ಮುರಿಯುತ್ತದೆ. ಕೆಳಗಿನ ಪದರದಲ್ಲಿ ಮೇಲಿನದರ ಆಕಾರವನ್ನು ಖಾಲಿ ಬಿಡಿಸಲು ಹೇಳಿ, ಅಂಚಿನಲ್ಲಿ 1 ಮಿ.ಮೀ. ಒಂದರ ಮೇಲೊಂದು ಹಾಯ್ದರೆ ಸಾಕು.

ಪ್ರಶ್ನೆ: ನೀಲಿ ಕಣ್ಣಿನ ಮಣಿ ಕೊಂಡು ಮೂರೇ ವಾರ. ಮೇಜಿನ ಮೇಲಿದ್ದದ್ದು ಯಾರೂ ಮುಟ್ಟದೆ ಎರಡು ಹೋಳಾಯಿತು. ದೃಷ್ಟಿಯನ್ನು ಅದೇ ನುಂಗಿತು ಎನ್ನುತ್ತಾರೆ. ಇನ್ನೊಂದು ಕೊಳ್ಳುವಾಗ ಗಾಜು ಯಾವುದು, ಪ್ಲಾಸ್ಟಿಕ್ ಯಾವುದು ಎಂದು ನೋಡುವುದು ಹೇಗೆ?

ಉತ್ತರ: ತಾನಾಗೇ ಒಡೆದಿದೆ ಅಂದರೆ ಅದು ಗಾಜೇ. ಅಷ್ಟರಮಟ್ಟಿಗೆ ನಿಮಗೆ ಮೋಸವಾಗಿಲ್ಲ.

ಕಾಯಿಸಿದ ಗಾಜು ತಣಿಯುವಾಗ ಹೊರಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಕುಗ್ಗಲು ನೋಡುತ್ತದೆ, ಹೊರಗಿನದು ಬಿಡುವುದಿಲ್ಲ. ಆ ಎಳೆದಾಟ ಮಣಿಯೊಳಗೇ ಉಳಿದುಬಿಡುತ್ತದೆ. ಅದನ್ನು ಬಿಡಿಸಲು ಮಣಿಯನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು, ಗಂಟೆಗಟ್ಟಲೆ ನಿಧಾನವಾಗಿ ತಣಿಸಬೇಕು. ಅವಸರ ಮಾಡಿದ ಮಣಿ ಆ ದಿನ ಚೆನ್ನಾಗಿಯೇ ಇರುತ್ತದೆ. ವಾರಗಳ ನಂತರ, ಕಿಟಕಿಯ ಬಿಸಿಲಿಗೋ ಫ್ಯಾನಿನ ಗಾಳಿಗೋ, ಟಕ್ಕೆಂದು ಬಿರಿಯುತ್ತದೆ. ಕಣ್ಣಿನ ಮಣಿಗೆ ಇನ್ನೊಂದು ತೊಂದರೆ ಇದೆ: ಕಡುನೀಲಿ, ಬಿಳಿ, ತಿಳಿನೀಲಿ, ಕಪ್ಪು, ಹೀಗೆ ನಾಲ್ಕು ಗಾಜು ಒಂದರ ಮೇಲೊಂದು ಕೂತಿರುತ್ತವೆ. ಬಿಸಿಗೆ ಹಿಗ್ಗುವ ಪ್ರಮಾಣ ನಾಲ್ಕಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ ಸೇರುವೆಯಲ್ಲಿ ಬಿಡುತ್ತದೆ. ಒಡೆದ ಹೋಳನ್ನೇ ನೋಡಿ. ಬಿರುಕು ಎಲ್ಲ ಬಣ್ಣಗಳನ್ನೂ ಸೀಳಿಕೊಂಡು ನೇರ ಹೋಗಿದ್ದರೆ ಸಾಮಾನ್ಯವಾಗಿ ತಣಿಸಿದ್ದು ಸಾಲದಾಗಿದೆ. ಬಳೆಯಂತೆ ಬಣ್ಣದ ಅಂಚನ್ನೇ ಹಿಡಿದು ಸುತ್ತಿದ್ದರೆ ಗಾಜುಗಳ ಜೋಡಿ ಹೊಂದಿಲ್ಲ.

ಟರ್ಕಿಯ ಇಜ್ಮಿರ್ ಬಳಿಯ ಗೊರೆಜೆ, ನಜರ್‌ಕೊಯ್‌ಗಳಲ್ಲಿ ಈ ಮಣಿಯನ್ನು ಇವತ್ತಿಗೂ ಪೈನ್ ಸೌದೆಯ ಕುಲುಮೆಯ ಸುತ್ತ ಕೂತು, ಕಬ್ಬಿಣದ ಸರಳಿನ ತುದಿಯಲ್ಲಿ ಗಾಜು ಸುತ್ತಿ ಮಾಡುತ್ತಾರೆ. ಕಡುನೀಲಿ ಬರುವುದು ಕೋಬಾಲ್ಟಿನಿಂದ. ಚಿಟಿಕೆಯಷ್ಟು ಸಾಕು, ಇಡೀ ಪಾತ್ರೆಯ ಗಾಜು ನೀಲಿಯಾಗುತ್ತದೆ. ಒಡೆದರೆ ಕೆಡುಕನ್ನು ತಾನು ಹೊತ್ತುಕೊಂಡಿತು ಎಂಬ ನಂಬಿಕೆ ಅಲ್ಲಿಯೂ ಇದೆ. ಈ ನಂಬಿಕೆಗೂ ಕುಲುಮೆಗೂ ಜಗಳವೇನಿಲ್ಲ. ಒಡೆಯುವ ಗುಣ ಇದ್ದದ್ದಕ್ಕೇ ಈ ಕೆಲಸಕ್ಕೆ ಗಾಜು ಒಗ್ಗಿಕೊಂಡಿತು ಎಂದು ತೋರುತ್ತದೆ. ಕಂಚಿನ ಕಣ್ಣಾಗಿದ್ದರೆ ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತಲೇ ಇರಲಿಲ್ಲ.

ಪರೀಕ್ಷೆಗೆ ಬರೋಣ. ತುಟಿಗೆ ತಾಗಿಸಿದರೆ ಗಾಜು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಅಷ್ಟಿಲ್ಲ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿಗೆ ನಡುವೆ ಸುತ್ತಲೂ ಕೂದಲೆಳೆಯಂಥ ಗೆರೆ ಇರುತ್ತದೆ, ಕಣ್ಣಿನ ಉಂಗುರಗಳು ಯಂತ್ರದಂತೆ ದುಂಡಗಿರುತ್ತವೆ, ಮುದ್ರಿಸಿದ್ದಾದರೆ ಉಗುರಿಗೆ ಕೆರೆದು ಬರುತ್ತವೆ. ಕೈಕೆಲಸದ ಗಾಜಿನಲ್ಲಿ ಪಾಪೆ ಸ್ವಲ್ಪ ಓರೆ. ಇನ್ನೂ ಅನುಮಾನವಿದ್ದರೆ ಉಪ್ಪುನೀರು: 100 ಮಿ.ಲೀ. ನೀರಿಗೆ 36 ಗ್ರಾಂ ಉಪ್ಪು ಕದಡಿ, ಲೋಹದ ಟೋಪಿ, ಕೊಂಡಿ ತೆಗೆದು ಮಣಿಯನ್ನು ಬಿಡಿ. ಆ ನೀರಿನ ಸಾಂದ್ರತೆ 1.2ರ ಆಸುಪಾಸು, ಅಕ್ರಿಲಿಕ್‌ನದು 1.18, ಗಾಜಿನದು 2.5. ಅಕ್ರಿಲಿಕ್ ನಿಧಾನವಾಗಿ ಮೇಲೇರುತ್ತದೆ, ಗಾಜು ಕಲ್ಲಿನಂತೆ ಇಳಿಯುತ್ತದೆ. ಬಣ್ಣದ ಪುಡಿ ಹೆಚ್ಚು ಬೆರೆಸಿದ ರೆಸಿನ್ ಮುಳುಗಬಹುದು, ಆದರೆ ಗಾಜಿನಷ್ಟು ದಡಕ್ಕನೆ ಅಲ್ಲ.

ಇನ್ನೊಂದು ಪತ್ರದಲ್ಲಿ ‘ಸರ ಪದೇ ಪದೇ ಹರಿಯುತ್ತದೆ’ ಎಂದಿದ್ದರು. ತೂತಿನ ಅಂಚು ದಾರವನ್ನು ಗರಗಸದಂತೆ ಕೊಯ್ಯುತ್ತದೆ, ಅದಕ್ಕೆ. ವಜ್ರದ ಪುಡಿ ಲೇಪಿಸಿದ ರೀಮರಿನಿಂದ (ತೂತು ಉಜ್ಜುವ ಚೂಪು ಅರ) ಅಂಚನ್ನು ನೀರಿನಲ್ಲಿ ಮುಳುಗಿಸಿಕೊಂಡೇ ನಯಮಾಡಿ. ಒಣಗಿದ್ದಾಗ ಉಜ್ಜಿದರೆ ಬಿಸಿಗೆ ಬಿರಿಯುತ್ತದೆ, ಪುಡಿ ಉಸಿರಿಗೂ ಹೋಗುತ್ತದೆ. ದಾರದ ಬದಲು 0.38 ಮಿ.ಮೀ. ಮಣಿತಂತಿ ಹಾಕಿ.

ಪ್ರಶ್ನೆ: ಹಳೆಯ ಒಡವೆಗಳ ಚಿತ್ರಗಳಲ್ಲಿ ಮುತ್ತಿನ ಸುತ್ತಿನೊಳಗೆ ಒಂದೇ ಒಂದು ಕಣ್ಣು ಬರೆದಿದ್ದ ಬ್ರೂಚ್ ನೋಡಿದೆ. ಇದು ಯಾವ ಪದ್ಧತಿ? ಅಮ್ಮನ ಕಣ್ಣಿನ ಫೋಟೋ ಇಟ್ಟು ಅಂಥದ್ದನ್ನು ನಾನೇ ಮಾಡಿಕೊಳ್ಳಬಹುದೇ?

ಉತ್ತರ: ‘ಪ್ರಿಯರ ಕಣ್ಣು’ ಎಂದು ಇವನ್ನು ಕರೆಯುತ್ತಾರೆ. ಇಂಗ್ಲೆಂಡಿನ ಯುವರಾಜ, ಮುಂದೆ ನಾಲ್ಕನೆಯ ಜಾರ್ಜ್ ಆದವನು, 1785ರ ಹೊತ್ತಿಗೆ ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬಾಕೆಗೆ ತನ್ನ ಕಣ್ಣಿನ ಚಿತ್ರ ಕಳಿಸಿದ. ಆಕೆ ಕ್ಯಾಥೊಲಿಕ್ ವಿಧವೆ, ಕಾನೂನಿನ ಪ್ರಕಾರ ಮದುವೆಯಾಗುವಂತಿರಲಿಲ್ಲ. ಇಡೀ ಮುಖ ಬರೆಸಿದರೆ ಗುಟ್ಟು ರಟ್ಟಾಗುತ್ತದೆ, ಬರಿಯ ಕಣ್ಣಾದರೆ ಗೊತ್ತಿದ್ದವರಿಗೆ ಮಾತ್ರ ಗೊತ್ತು. ಅಲ್ಲಿಂದ ಮುಂದೆ ನಾಲ್ಕೈದು ದಶಕ ಇದೇ ಗೀಳಾಯಿತು. ಬರೆಯುತ್ತಿದ್ದದ್ದು ದಂತದ ತೆಳು ಹಾಳೆಯ ಮೇಲೆ ಜಲವರ್ಣದಲ್ಲಿ. ತೀರಿಕೊಂಡವರ ಕಣ್ಣಾದರೆ ಸುತ್ತ ಮುತ್ತು ಕೂರಿಸುವುದುಂಟು, ಮುತ್ತೆಂದರೆ ಕಣ್ಣೀರು. 1937ರ ಹೊತ್ತಿಗೆ ಫ್ರಾನ್ಸಿನ ಕವಿ, ಕಲಾವಿದ ಜಾನ್ ಕೊಕ್ತೊ ಆ ಫ್ಯಾಷನ್ ಮನೆತನದ ಎಲ್ಸಾ ಸ್ಕಿಯಾಪರೆಲಿಗಾಗಿ ಕಣ್ಣಿನ ಬ್ರೂಚ್ ಬರೆದ, 1949ರಲ್ಲಿ ಚಿತ್ರಕಾರ ಸಾಲ್ವದೊರ್ ದಾಲಿ ಕಣ್ಣುಗುಡ್ಡೆಯ ಜಾಗದಲ್ಲಿ ಗಡಿಯಾರವನ್ನೇ ಇಟ್ಟ. ಅವರ ಕಣ್ಣುಗಳು ಯಾರವೂ ಅಲ್ಲ. ಜಾರ್ಜನ ಕಾಲದವು ಮಾತ್ರ ಒಬ್ಬೊಬ್ಬರವು.

ಹಳೆಯದನ್ನು ಕೊಳ್ಳಲು ಹೊರಡಬೇಡಿ. ದಂತದ ಮಾರಾಟಕ್ಕೆ ಬಹಳ ದೇಶಗಳಲ್ಲಿ ತಡೆ ಇದೆ, ಹಳೆಯ ಚೌಕಟ್ಟಿನೊಳಗೆ ಹೊಸ ಕಣ್ಣು ಕೂರಿಸಿದ ನಕಲಿಗಳೂ ಸಾಕಷ್ಟು. ಈಗಾಗಲೇ ಮನೆಯಲ್ಲಿದ್ದರೆ ನೀರು ತಾಗಿಸಬೇಡಿ. ಗಾಜಿನ ಅಂಚಿನಿಂದ ಒಂದು ಹನಿ ಒಳಗಿಳಿದರೆ ಚಿತ್ರ ಕರಗುತ್ತದೆ.

ಮಾಡಿಕೊಳ್ಳುವ ಬಗೆ ಹೀಗೆ. 18×25 ಮಿ.ಮೀ. ಅಂಡಾಕಾರದ ಗಾಜಿನ ಕ್ಯಾಬೊಷನ್ (ಒಂದು ಬದಿ ಚಪ್ಪಟೆ, ಇನ್ನೊಂದು ಗುಮ್ಮಟ) ಸುಲಭವಾಗಿ ಸಿಗುತ್ತದೆ, ಅದಕ್ಕೆ ಹೊಂದುವ ತಟ್ಟೆಯೂ ಜೊತೆಗೆ ಬರುತ್ತದೆ. ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ, ಫ್ಲಾಶ್ ಇಲ್ಲದೆ, ಮುಖ ತುಸು ವಾಲಿಸಿ ನೋಟ ನಿಮ್ಮ ಕಡೆಗಿರುವಂತೆ ಫೋಟೋ ತೆಗೆಯಿರಿ. ಹುಬ್ಬು ಸೇರಲಿ, ಮೂಗು ಬೇಡ. ಹುಬ್ಬು ಬಿಟ್ಟರೆ ಯಾರ ಕಣ್ಣೋ ಆಗಿಬಿಡುತ್ತದೆ. ಕಣ್ಣಂಚಿನ ಸುಕ್ಕುಗಳನ್ನು ಅಳಿಸಬೇಡಿ, ಗುರುತು ಇರುವುದೇ ಅಲ್ಲಿ. ಇಂಚಿಗೆ 600 ಚುಕ್ಕೆಯಂತೆ ಮುದ್ರಿಸಲು ಚಿತ್ರ ಕನಿಷ್ಠ 425×590 ಪಿಕ್ಸೆಲ್ ಇರಬೇಕು, ಯಾವ ಫೋನಿನಲ್ಲೂ ಇದು ಕಷ್ಟವಲ್ಲ.

ಎಲ್ಲ ಸೇರಿ ಕೆಡುವುದು ಅಂಟಿಸುವಾಗ. ಮಾಮೂಲಿ ಇಂಕ್‌ಜೆಟ್ ಶಾಯಿ ನೀರಿನಂಶದ ಅಂಟಿಗೆ ಕದಡಿ, ಕಣ್ಣು ಅತ್ತಂತಾಗುತ್ತದೆ. ಲೇಸರ್ ಪ್ರಿಂಟ್ ಅಥವಾ ಪಿಗ್ಮೆಂಟ್ ಶಾಯಿ ಬಳಸಿ, ಮುದ್ರಿಸಿದ ಮೇಲೆ ಒಂದು ದಿನ ಒಣಗಲು ಬಿಡಿ. ಕ್ಯಾಬೊಷನ್ನಿನ ಚಪ್ಪಟೆ ಮೈಯ ನಡುವಿಗೆ ಒಂದೇ ಹನಿ ಪಾರದರ್ಶಕ ಅಂಟು ಹಾಕಿ, ಚಿತ್ರದ ಮೇಲಿಟ್ಟು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗುಳ್ಳೆ ಹೊರಡಿಸಿ. ಎರಡು ಹನಿ ಹಾಕಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕಾಗದವನ್ನು ಗಾಜಿನ ಅಂಚಿಗೆ ಕತ್ತರಿಸಿ, ಹಿಂಬದಿಗೆ ಅಂಟಿನ ಎರಡು ಲೇಪ ಕೊಟ್ಟು, ಆಮೇಲೆ ತಟ್ಟೆಯಲ್ಲಿ ಕೂರಿಸಿ. ಗಾಜಿನ ಗುಮ್ಮಟ ಚಿತ್ರವನ್ನು ಸ್ವಲ್ಪ ದೊಡ್ಡದಾಗಿ ತೋರಿಸುತ್ತದೆ. ಹಾಗಾಗಿ ಮೂರು ಅಳತೆಯಲ್ಲಿ ಮುದ್ರಿಸಿಕೊಂಡು ಅಂಟಿಸುವ ಮೊದಲು ಗಾಜಿಟ್ಟು ನೋಡಿ.

ಪ್ರಶ್ನೆ: ದೊಡ್ಡ ದೊಡ್ಡ ಕಣ್ಣಿನ ಪ್ರಿಂಟ್ ಇರುವ ಬಟ್ಟೆ ತಂದಿದ್ದೇನೆ. ಟಾಪ್ ಹೊಲಿದರೆ ಎದೆಯ ಮೇಲೆ ಕಣ್ಣು ಬಂದು ಆಭಾಸವಾಗುತ್ತದೆಂಬ ಹೆದರಿಕೆ.

ಉತ್ತರ: ಹೆದರಿಕೆ ಸರಿಯಾದದ್ದೇ. ಕತ್ತರಿಸುವ ಮೊದಲು ಪೇಪರ್ ಪ್ಯಾಟರ್ನಿನಲ್ಲಿ ಎದೆಯ ತುದಿಬಿಂದು ಗುರುತಿಸಿ, ಅದರ ಸುತ್ತ 6-7 ಸೆಂ.ಮೀ.ಯೊಳಗೆ ಯಾವ ಪಾಪೆಯೂ ಬಾರದಂತೆ ಪ್ಯಾಟರ್ನನ್ನು ಸರಿಸಿ. ಸಾಲಿನಲ್ಲಿ ಒಂದು ಕಣ್ಣನ್ನು ನಡುಗೆರೆಗೆ ತಂದರೆ ಜೋಡಿ ತಪ್ಪುತ್ತದೆ, ಆಭಾಸವೂ ತಪ್ಪುತ್ತದೆ. ಡಾರ್ಟ್ (ಮೈಗೆ ಹೊಂದಲು ಬಟ್ಟೆ ಮಡಿಚಿ ಹಾಕುವ ಹೊಲಿಗೆ) ಕಣ್ಣಿನ ಮೇಲೆ ಹಾಯ್ದರೆ ಕಣ್ಣು ಮಡಿಚಿ ಮೆಳ್ಳೆಯಾಗುತ್ತದೆ, ಡಾರ್ಟನ್ನು ಪಕ್ಕದ ಹೊಲಿಗೆಗೆ ತಿರುಗಿಸಿ. ಮುಂದೆ ಗುಂಡಿ ಇದ್ದರೆ ಎಡ ಬಲವನ್ನು ಕತ್ತರಿಸಿದ ಅಂಚಿಗಲ್ಲ, ನಡುಗೆರೆಗೆ ಹೊಂದಿಸಿ. ಇದಕ್ಕೆಲ್ಲ ಬಟ್ಟೆ ಹೆಚ್ಚು ಬೇಕು: ಚಿತ್ರ ಎಷ್ಟು ಉದ್ದಕ್ಕೊಮ್ಮೆ ಮರಳಿ ಬರುತ್ತದೋ ಅಷ್ಟುದ್ದವನ್ನು ಪ್ರತಿ ದೊಡ್ಡ ತುಂಡಿಗೂ ಸೇರಿಸಿಕೊಳ್ಳಿ.

ಪ್ರಶ್ನೆ: ತ್ರಿಕೋನದೊಳಗಿನ ಕಣ್ಣು, ಅಂಗೈಯೊಳಗಿನ ಕಣ್ಣು, ಬಾಲವಿರುವ ಕಣ್ಣು, ನೀಲಿ ಕಣ್ಣು, ಎಲ್ಲವನ್ನೂ ‘ಈವಿಲ್ ಐ’ ಎಂದೇ ಮಾರುತ್ತಾರೆ. ಎಲ್ಲ ಒಂದೇನಾ? ಬೇರೆಯವರ ನಂಬಿಕೆಯನ್ನು ತೊಡುವುದು ಸರಿಯೇ?

ಉತ್ತರ: ಒಂದೂ ಅದಲ್ಲ. ಆ ಹೆಸರು ಕೆಟ್ಟ ದೃಷ್ಟಿಯದು, ಮಣಿ ಅದನ್ನು ತಡೆಯುವುದಕ್ಕೆ. ಕಾವಲುಗಾರನನ್ನು ಕಳ್ಳನ ಹೆಸರಿನಿಂದ ಕರೆದಂತಾಯಿತು. ಹುಬ್ಬು, ಕೆಳಗೊಂದು ಗೆರೆ, ಸುರುಳಿ ಬಾಲ ಇರುವುದು ಈಜಿಪ್ಟಿನ ಗಿಡುಗನ ತಲೆಯ ದೇವರು ಹೋರಸ್‌ನ ಕಣ್ಣು. ಕಿತ್ತುಹೋಗಿ ಮತ್ತೆ ಗುಣವಾದ ಕಣ್ಣಾದ್ದರಿಂದ ಅದು ಆರೋಗ್ಯದ, ಪೂರ್ಣತೆಯ ಗುರುತು. ಬಾಲದ ಗೆರೆ ಗಿಡುಗನ ಮುಖದ ಗುರುತಿನಿಂದ ಬಂದದ್ದು. ಅಂಗೈಯದು ‘ಹಮ್ಸಾ’ ಎಂಬ ತಾಯಿತ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದ ಯಹೂದ್ಯರಲ್ಲೂ ಮುಸ್ಲಿಮರಲ್ಲೂ ಬಳಕೆಯಲ್ಲಿದೆ. ತ್ರಿಕೋನದ ಕಣ್ಣು ಕ್ರೈಸ್ತ ಚಿತ್ರಗಳಲ್ಲಿ ದೇವರ ಕಣ್ಣು. 1782ರಲ್ಲಿ ಅಮೆರಿಕದ ರಾಜಮುದ್ರೆಗೆ, 1935ರಲ್ಲಿ ಒಂದು ಡಾಲರ್ ನೋಟಿಗೆ ಹೋಯಿತು, ಗುಪ್ತ ಸಂಘಗಳ ಕತೆ ಆಮೇಲೆ ಅಂಟಿಕೊಂಡದ್ದು. ನೀಲಿ ಮಣಿ 2018ರಲ್ಲಿ ಇಮೋಜಿಯೂ ಆಯಿತು.

ತೊಡುವುದರ ಬಗ್ಗೆ: 1976ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 186 ಸಮಾಜಗಳನ್ನು ಹೋಲಿಸಿ, ಶೇ. 36ರಲ್ಲಿ ದೃಷ್ಟಿಯ ನಂಬಿಕೆ ಕಂಡಿತು. ಇಷ್ಟು ಹರಡಿದ್ದಕ್ಕೆ ಒಬ್ಬರೇ ವಾರಸುದಾರರಿಲ್ಲ. ಆದರೂ ಪೂಜೆಯಲ್ಲಿರುವ ಚಿಹ್ನೆಯನ್ನು ಪಾದರಕ್ಷೆ, ಒಳಉಡುಪುಗಳ ಮೇಲೆ ಹಾಕುವುದು ಎಲ್ಲಿಯಾದರೂ ನೋಯಿಸುವಂಥದ್ದೇ.

ಪ್ರಶ್ನೆ: ಕಣ್ಣಿನ ಚಿತ್ರ ಎದುರಿಗಿದ್ದರೆ ಜನ ಪ್ರಾಮಾಣಿಕರಾಗುತ್ತಾರಂತೆ. ಹಾಗಾದರೆ ಕಣ್ಣಿನ ಅಂಗಿ ತೊಟ್ಟವರ ಎದುರೂ ಹಾಗೆಯೇ ಇರುತ್ತಾರೆಯೇ?

ಉತ್ತರ: ಈ ಮಾತಿನ ಬೇರು 2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಪ್ರಯೋಗ. ಕುಡಿದವರು ತಾವಾಗಿಯೇ ಡಬ್ಬಿಗೆ ಹಣ ಹಾಕುವ ಕಾಫಿ ಕೋಣೆಯ ಬೆಲೆಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಇನ್ನೊಂದು ವಾರ ಕಣ್ಣಿನ ಚಿತ್ರ. ಖರ್ಚಾದ ಹಾಲಿನ ಲೀಟರಿಗೆ ಲೆಕ್ಕ ಹಾಕಿದರೆ ಕಣ್ಣಿದ್ದ ವಾರಗಳಲ್ಲಿ ಬಿದ್ದ ಹಣ ಹೆಚ್ಚುಕಡಿಮೆ ಮೂರು ಪಟ್ಟು. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಕಣ್ಣು ಕಂಡು ಜನ ಹೆಚ್ಚು ಉದಾರಿಗಳಾಗುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಅಂಗಿಯಿಂದ ಅಷ್ಟು ನಿರೀಕ್ಷೆ ಬೇಡ.

ಪ್ರಶ್ನೆ: ಮಗುವಿನ ಬಟ್ಟೆಗೆ ಕಣ್ಣಿನ ಮಣಿಯನ್ನು ಪಿನ್ನಿನಲ್ಲಿ ಸಿಕ್ಕಿಸಬಹುದೇ?

ಉತ್ತರ: ಬೇಡ. 31.7 ಮಿ.ಮೀ. ಅಡ್ಡಳತೆಯ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವುದೇ ವಸ್ತು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದೆಂದು ಆಟಿಕೆಗಳ ಸುರಕ್ಷತಾ ನಿಯಮಗಳು ಎಣಿಸುತ್ತವೆ. ಈ ಮಣಿಗಳಲ್ಲಿ ಹೆಚ್ಚಿನವು ಅದರೊಳಗೆ ಸಲೀಸಾಗಿ ಇಳಿಯುತ್ತವೆ. ಕಣ್ಣು ಬೇಕೇ ಬೇಕಾದರೆ ಬಟ್ಟೆಗೇ ಕಸೂತಿ ಹಾಕಿ, ಹಿಂಬದಿಯ ದಾರದ ಗಂಟುಗಳಿಗೆ ಮೆತ್ತನೆಯ ಒಳವಸ್ತ್ರ ಅಂಟಿಸಿ.

ಪ್ರಶ್ನೆ: ಮೈತುಂಬ ಕಣ್ಣಿರುವ ಬಟ್ಟೆ ತೊಟ್ಟರೆ ಮುಖ ಗುರುತಿಸುವ ಕ್ಯಾಮೆರಾ ತಬ್ಬಿಬ್ಬಾಗುತ್ತದಂತೆ, ಹೌದೇ?

ಉತ್ತರ: ಈ ಆಸೆ ಹುಟ್ಟಿಸಿದ್ದು ಆಡಮ್ ಹಾರ್ವಿ ಎಂಬ ಕಲಾವಿದರ ಕೆಲಸ. ಅವರು 2010ರಲ್ಲಿ ‘ಸಿವಿ ಡ್ಯಾಜಲ್’ ಎಂಬ ಮುಖಬಣ್ಣ, ಕೇಶವಿನ್ಯಾಸ ರೂಪಿಸಿದರು. ಆಗಿನ ಒಂದು ಜನಪ್ರಿಯ ತಂತ್ರ ಮುಖವನ್ನು ಹುಡುಕುತ್ತಿದ್ದದ್ದು ಕತ್ತಲು ಬೆಳಕಿನ ಪಟ್ಟಿಗಳಿಂದ: ಕಣ್ಣಿನ ಸಾಲು ಕೆನ್ನೆಗಿಂತ ಕಪ್ಪು, ಮೂಗಿನ ಮೇಲುಭಾಗ ಕಣ್ಣುಗಳಿಗಿಂತ ಬೆಳ್ಳಗೆ. ಈ ಲೆಕ್ಕ ಕೆಡಿಸಿದರೆ ಮುಖ ಕಾಣದು. 2017ರ ‘ಹೈಪರ್‌ಫೇಸ್’ನಲ್ಲಿ ಅವರು ಉಲ್ಟಾ ಮಾಡಿದರು. ಬಟ್ಟೆಯ ತುಂಬ ಸುಳ್ಳು ಮುಖದ ನಮೂನೆಗಳನ್ನು ತುಂಬಿ ಯಂತ್ರದ ಗಮನವನ್ನು ಅತ್ತ ಸೆಳೆಯುವ ಯೋಚನೆ ಅದು. ಈಗಿನ ತಂತ್ರಗಳು ಅಪಾರ ಚಿತ್ರಗಳಿಂದ ಕಲಿತವು, ಒಂದು ಗೆರೆ ಎಳೆದರೆ ದಾರಿ ತಪ್ಪುವವಲ್ಲ. ಅಂಗಡಿಯಲ್ಲಿ ಸಿಗುವ ಕಣ್ಣಿನ ಬಟ್ಟೆಯಂತೂ ಈ ಕೆಲಸಕ್ಕೆ ಮಾಡಿದ್ದೇ ಅಲ್ಲ. ಎರಡು ಕಣ್ಣು, ಮೂಗು, ಬಾಯಿ ಸರಿಯಾದ ದೂರದಲ್ಲಿ ಇಲ್ಲದಿದ್ದರೆ ಯಂತ್ರಕ್ಕೆ ಅದು ಮುಖವೇ ಅಲ್ಲ. ಸುಳ್ಳು ಮುಖ ಕಂಡಿತೆಂದೇ ಇಟ್ಟುಕೊಳ್ಳಿ, ಮೇಲಿರುವ ನಿಜವಾದ ಮುಖ ಮಾಯವಾಗುವುದಿಲ್ಲವಲ್ಲ.

ತೊಂದರೆ ಆಗುವುದೇನಿದ್ದರೂ ನಿಮ್ಮ ಫೋಟೋ ತೆಗೆಯುವವರಿಗೆ. ಕಣ್ಣನ್ನು ಹುಡುಕಿ ಫೋಕಸ್ ಮಾಡುವ ಕ್ಯಾಮೆರಾಗಳು ಒಮ್ಮೊಮ್ಮೆ ಅಂಗಿಯ ಕಣ್ಣಿಗೆ ಹಾರಿ, ಮುಖ ಮಸುಕಾಗುತ್ತದೆ. ಕ್ಯಾಮೆರಾದಲ್ಲಿ ಐ ಡಿಟೆಕ್ಷನ್ ಆಫ್ ಮಾಡಿ, ಸಿಂಗಲ್ ಪಾಯಿಂಟ್ ಫೋಕಸ್ ಇಡಿ. ಫೋನಾದರೆ ತೆರೆಯ ಮೇಲೆ ಮುಖವನ್ನು ಬೆರಳಿನಿಂದ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ತೆಗೆಯಿರಿ.